‘ಸರ್ವರ್ ಇಲ್ಲ’ ಎಂದರೆ ಉತ್ತರ ಆಯಿತೇ?

ರೇಶನ್ ಅಂಗಡಿಗೆ ಹೋದರೂ, ಅಕ್ಷಯ ಕೇಂದ್ರಕ್ಕೆ ಹೋದರೂ ಕಾಸರಗೋಡಿನ ಜನ ಕೇಳಿ ಕೇಳಿ ಬೇಸತ್ತ ಮಾತು ಒಂದಿದೆ: ‘ಸರ್ವರ್ ಇಲ್ಲ, ನಾಳೆ ಬನ್ನಿ.’ ಮಳೆ ಬಂತು, ಕರೆಂಟ್ ಹೋಯಿತು ಅನ್ನುವ ಹಾಗೆ ಇದನ್ನೂ ಸಹಿಸಿಕೊಂಡು ಎಲ್ಲರೂ ಮನೆಗೆ ಮರಳುತ್ತಾರೆ. ಆದರೆ ಸರ್ವರ್ ಸುಮ್ಮಸುಮ್ಮನೆ ಬೀಳುವುದಿಲ್ಲ. ಅದಕ್ಕೆ ಕಾರಣವಿದೆ, ಹುಡುಕಿದರೆ ಸಿಗುತ್ತದೆ.

2024ರ ಮಾರ್ಚ್‌ನಲ್ಲಿ ನಡೆದದ್ದನ್ನೇ ನೋಡಿ. ಹಳದಿ, ಗುಲಾಬಿ ಕಾರ್ಡ್‌ದಾರರ ಮಸ್ಟರಿಂಗ್‌ಗೆಂದು ಕೇರಳದಲ್ಲಿ ರೇಶನ್ ವಿತರಣೆಯನ್ನೇ ನಿಲ್ಲಿಸಿ ದಿನ ಗೊತ್ತುಮಾಡಲಾಯಿತು. ಬಿಸಿಲಲ್ಲಿ, ಉಪವಾಸದಲ್ಲಿ ಜನ ಸಾಲು ನಿಂತರು. ಸರ್ವರ್ ಕೈಕೊಟ್ಟಿತು, ಮಸ್ಟರಿಂಗ್ ನಿಂತಿತು. ಅದೇ ವರ್ಷ ಸೆಪ್ಟೆಂಬರ್‌ನಿಂದ ಜಿಲ್ಲೆಗಳನ್ನು ಹಂಚಿ ಹಂತಹಂತವಾಗಿ ನಡೆಸಬೇಕಾಯಿತು. ಹಂಚಿ ನಡೆಸುವ ಉಪಾಯವೇನೂ ಹೊಸತಲ್ಲ. 2022ರ ನವೆಂಬರ್‌ನಲ್ಲೇ ಏಳು ಜಿಲ್ಲೆಗೆ ಬೆಳಗ್ಗೆ, ಏಳು ಜಿಲ್ಲೆಗೆ ಮಧ್ಯಾಹ್ನ ಎಂದು ಅಂಗಡಿಗಳ ಹೊತ್ತು ಬದಲಾಯಿಸಿದ್ದರು. ಆಗ ಕಲಿತ ಪಾಠ ಮಾರ್ಚ್‌ನಲ್ಲಿ ಯಾಕೆ ಮರೆತುಹೋಯಿತು?

ಕಾರ್ಡ್‌ದಾರರು ಯಂತ್ರಕ್ಕೆ ಬೆರಳೊತ್ತುವುದೂ ಒಂದು ಬಗೆಯ ಲಾಗಿನ್ನೇ. ಸರ್ವರ್‌ಗೆ ಅತಿ ಭಾರದ ಕೆಲಸ ಹೆಚ್ಚಾಗಿ ಅದೇ. ಗುರುತು ತಾಳೆ ನೋಡಬೇಕು, ಡೇಟಾಬೇಸ್‌ಗೆ ಸಂಪರ್ಕ ಕೊಡಬೇಕು, ಮೆಮೊರಿಯಲ್ಲಿ ಜಾಗ ಇಡಬೇಕು. ಒಂದು ಹೊತ್ತಿಗೆ ಇಷ್ಟೇ ಸಂಪರ್ಕ ಎಂಬ ಮಿತಿ ಇರುತ್ತದೆ. ಎಲ್ಲ ಅಂಗಡಿಗಳೂ ಒಟ್ಟಿಗೆ ತೆರೆದಾಗ ಆ ಮಿತಿ ಮುಗಿಯುತ್ತದೆ. ಉತ್ತರ ಬರಲಿಲ್ಲವೆಂದು ಜನ ಮತ್ತೆ ಮತ್ತೆ ಬೆರಳೊತ್ತುತ್ತಾರೆ. ಒಂದಿದ್ದ ಭಾರ ಮೂರಾಗುತ್ತದೆ.

ಆಗ ಸರ್ವರನ್ನು ಆಫ್ ಮಾಡಿ ಪುನಃ ಆನ್ ಮಾಡಿದರೆ ಸಾಲದು; ಮರುದಿನ ಅದೇ ಕಥೆ. ಬಿದ್ದ ನಿಮಿಷದಲ್ಲಿ ಏನಾಯಿತು ಎಂದು ಸರ್ವರ್ ಬರೆದಿಟ್ಟ ಲಾಗ್ ನೋಡಬೇಕು. ಸಂಪರ್ಕ ಮುಗಿಯಿತೋ, ಮೆಮೊರಿ ತುಂಬಿತೋ, ಆಧಾರ್ ಕಡೆಯಿಂದ ಉತ್ತರ ತಡವಾಯಿತೋ ಎಂದು ಒಂದೊಂದಾಗಿ ಪರೀಕ್ಷಿಸಬೇಕು. ಎಲ್ಲಕ್ಕಿಂತ ಮೊದಲು, ಜನರನ್ನು ಕರೆಯುವ ಮುಂಚೆಯೇ ಅಷ್ಟು ಮಂದಿಯ ಭಾರ ಹೊರಿಸಿ ನೋಡಬೇಕು.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಅಮೆರಿಕ ಸರಕಾರದ ಆರೋಗ್ಯ ವಿಮೆ ಜಾಲತಾಣ 2013ರ ಅಕ್ಟೋಬರ್ 1ರಂದು ತೆರೆಯಿತು. ಖಾತೆ ತೆರೆಯುವ, ಲಾಗಿನ್ ಆಗುವ ಹಂತದಲ್ಲೇ ಅದು ಕಟ್ಟಿಕೊಂಡಿತು. ಮೊದಲ ದಿನ ವಿಮೆ ಪಡೆಯಲು ಸಾಧ್ಯವಾದದ್ದು ಬರೇ 6 ಮಂದಿಗೆ. ಅವರು ಕಾರಣ ಹುಡುಕಿದರು. ನಾನೂರಕ್ಕೂ ಹೆಚ್ಚು ದೋಷ ಸರಿಪಡಿಸಿದರು. ಎರಡು ತಿಂಗಳಲ್ಲಿ, ಒಂದೇ ಹೊತ್ತಿಗೆ 50 ಸಾವಿರ ಮಂದಿಯನ್ನು ತಾಳಿಕೊಳ್ಳಬಲ್ಲದು ಎಂದು ಲೆಕ್ಕ ಕೊಟ್ಟರು. ಜನರ ಮುಂದೆ ಹಾಗೆ ಲೆಕ್ಕ ಕೊಡುವ ಅಭ್ಯಾಸ ನಮ್ಮ ಇಲಾಖೆಗಳಿಗೂ ಬರಬೇಕು.

ಎಷ್ಟು ಚೆನ್ನಾಗಿ ಕಟ್ಟಿದರೂ ಯಂತ್ರ ಒಂದು ದಿನ ಕೆಡಬಹುದು. ಹಾಗೆಂದು ಅಕ್ಕಿ ನಿಲ್ಲಬಾರದು. ಸಂಪರ್ಕದ ತೊಂದರೆಯಿಂದ ಬೆರಳಚ್ಚು ತಾಳೆಯಾಗದಿದ್ದರೂ ಅರ್ಹರಿಗೆ ರೇಶನ್ ತಪ್ಪಿಸಬಾರದು, ಕಾರ್ಡ್ ನೋಡಿ ಕೊಡಿ ಎಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಸೂಚಿಸಿತ್ತು. ಒಂದು ರಿಜಿಸ್ಟರ್, ಒಂದು ಪೆನ್ನು ಇದ್ದರೆ ಆಗುವ ಕೆಲಸ ಇದು. ಕೂಲಿ ಬಿಟ್ಟು ಬಂದವರಿಗೆ ‘ನಾಳೆ ಬನ್ನಿ’ ಎಂದರೆ ಇನ್ನೊಂದು ದಿನದ ಕೂಲಿ ಹೋಯಿತೆಂದೇ ಅರ್ಥ.

ಯಾಕೆ ನಿಂತಿತು, ಯಾವಾಗ ಸರಿಯಾಗುತ್ತದೆ ಎಂದು ಅಂಗಡಿ ಬಾಗಿಲಲ್ಲಿ ನಾಲ್ಕು ಸಾಲು ಬರೆದು ಹಾಕಲಿ. ಮಂಜೇಶ್ವರ, ಕುಂಬಳೆ, ಬದಿಯಡ್ಕಗಳಲ್ಲಿ ಅದು ಕನ್ನಡದಲ್ಲೂ ಇರಲಿ. ಕಾದು ನಿಂತವರಿಗೆ ಕಾರಣ ತಿಳಿಯುವ ಹಕ್ಕಿದೆ. ಕೇಳುವವರೂ ಇನ್ನು ಸುಮ್ಮನೆ ಮರಳದೆ ‘ಯಾಕೆ ಇಲ್ಲ?’ ಎಂದು ಒಮ್ಮೆ ಕೇಳಬೇಕು.