ವರ್ಷಕ್ಕೊಂದು ತಾಡಪತ್ರಿ: ಬೋಟಿನ ನೆರಳಿಗೂ ಅಂಗಡಿ ಚಪ್ಪರಕ್ಕೂ ತಪ್ಪುತ್ತಿರುವ ಲೆಕ್ಕ ಒಂದೇ

ಹುಬ್ಬಳ್ಳಿ: ರೋಹಿಣಿ ಮುಗಿದು ಮಿರಗದ ಮಳೆ ಕೂಡುವ ಹೊತ್ತಿಗೆ ದುರ್ಗದಬೈಲ್, ಜನತಾ ಬಜಾರ್, ದಾಜಿಬಾನ ಪೇಟೆ ಕಡೆ ಎಲ್ಲರಿಗೂ ಬೇಕಾಗೋ ಸಾಮಾನು ಒಂದೇ, ತಾಡಪತ್ರಿ. ಹೋದ ವರ್ಷ ಕಟ್ಟಿದ್ದು ಅಂಚಿನಾಗೆ ಹರಿದು, ನಡುವೆ ಜೋಳಿಗೆ ಬಿದ್ದು ಕೂತಿರುತ್ತದೆ. ಅಂಗಡಿಯವರು ಹೊಸದು ತರುತ್ತಾರೆ, ಕಟ್ಟುತ್ತಾರೆ, ಮುಂದಿನ ವರ್ಷ ಮತ್ತೆ ಅದೇ ಕಥೆ. ಅಕ್ಕಿ, ಎಣ್ಣಿ ರೇಟು ಹತ್ತು ಕಡೆ ವಿಚಾರಿಸೋ ನಮ್ಮ ಮಂದಿ ತಲೆ ಮೇಲಿನ ಬಟ್ಟೆ ವಿಷಯದಾಗ ಮಾತ್ರ "ಯಾವುದರ ಕೊಡ್ರಿ, ಮಳಿ ತಡೀಬೇಕಷ್ಟ" ಅಂದುಬಿಡುತ್ತಾರೆ.

ಇದೇ ಕಥೆ ನೀರಿನ ಮೇಲೂ ಇದೆ. ಉಣಕಲ್ ಕೆರೆಯಂಥ ಕಡೆ ಮಕ್ಕಳು, ವಯಸ್ಸಾದವರು ಬೋಟ್ ಹತ್ತಬೇಕಾದರೆ ಮೊದಲು ನೋಡೋದು ಮೇಲೆ ನೆರಳು ಇದೆಯೋ ಇಲ್ಲವೋ ಅಂತ. ಬೋಟಿನ ಚಪ್ಪರ ಹರಿದರೆ ಅದನ್ನೂ ನಾವು ಅಂಗಡಿ ತಾಡಪತ್ರಿ ಹಂಗೇ ಬದಲಿಸುತ್ತೇವೆ: ಅಳತೆ ತಗೋ, ಅಗ್ಗದ್ದು ತಾ, ಕಟ್ಟು. ಅಂಗಡಿಯಲ್ಲಿ ಈ ತಪ್ಪಿಗೆ ಹೋಗೋದು ರೊಕ್ಕ ಮತ್ತು ಮಾಲು. ಬೋಟಿನಲ್ಲಿ ಜೀವವೂ ಹೋಗಬಹುದು. ಹಾಗಾಗಿ ಎರಡನ್ನೂ ಒಟ್ಟಿಗೆ ಇಟ್ಟು ನೋಡೋಣ.

ಹರಿಯೋದು ಮಳೆಗಲ್ಲ, ಬಿಸಿಲಿಗೆ

ತಾಡಪತ್ರಿ ಹರಿದದ್ದು ಗೊತ್ತಾಗೋದು ಮಳೆಯಲ್ಲಿ. ಅದಕ್ಕೇ ನಾವು ಮಳೆಯನ್ನ ಬೈಯುತ್ತೇವೆ. ನಿಜವಾಗಿ ಅದು ಸತ್ತಿರೋದು ಬೇಸಿಗೆಯಲ್ಲೇ. ಹುಬ್ಬಳ್ಳಿ ಇರೋದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹೀಗಾಗಿ ವರ್ಷಕ್ಕೆ ಎರಡು ಸಲ, ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರದ ಸುಮಾರಿಗೆ, ಮಧ್ಯಾಹ್ನ ಸೂರ್ಯ ನೇರ ನೆತ್ತಿ ಮೇಲೆ ಬರುತ್ತಾನೆ. ಆಗಸ್ಟಿನಲ್ಲಿ ಮೋಡ ಅಡ್ಡ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಏನೂ ಅಡ್ಡ ಇರಂಗಿಲ್ಲ.

ಆ ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಪ್ಲಾಸ್ಟಿಕ್ಕಿನ ಎಳೆಯನ್ನ ಒಳಗಿಂದ ಮುರಿಯುತ್ತದೆ. ಮೊದಲು ಬಣ್ಣ ಮಾಸುತ್ತದೆ, ಆಮೇಲೆ ಕೈಗೆ ಪುಡಿ ಹತ್ತುತ್ತದೆ, ಕೊನೆಗೆ ಹಪ್ಪಳದ ಹಂಗ ಮುರಿಯುತ್ತದೆ. ಜೂನ್ ಗಾಳಿ ಬಂದು ಮಾಡೋದು ಕೊನೇ ಕೆಲಸ ಅಷ್ಟೇ. ಕಿತ್ತು ಬಿದ್ದ ಚೂರು ಹೋಗೋದು ಗಟಾರಕ್ಕೆ, ಅಲ್ಲಿಂದ ನಾಲಾಕ್ಕೆ. ಬೋಟಿನದಾದರೆ ಸೀದಾ ಕೆರೆಗೆ.

ಹೊರದೇಶದ ಕಂಪನಿಯವರು ಬಟ್ಟೆಗೆ ಇಷ್ಟು ವರ್ಷ ಬಾಳಿಕೆ ಅಂತ ಹೇಳಿದರೆ ಅದನ್ನೂ ಸ್ವಲ್ಪ ಕಳೆದೇ ಓದಬೇಕು. ತಂಪು ದೇಶದಲ್ಲಿ ವರ್ಷಕ್ಕೆ ನಾಲ್ಕೈದು ತಿಂಗಳು ಹೊರಗೆ ಹಾಕಿ ಚಳಿಗಾಲಕ್ಕೆ ಒಳಗೆ ಮಡಚಿಡೋ ಚಪ್ಪರ ಬೇರೆ. ಇಲ್ಲಿ ಹನ್ನೆರಡೂ ತಿಂಗಳು ಮೇಲೇ ಇರೋ ಚಪ್ಪರ ಬೇರೆ.

ಯಾವ ಬಟ್ಟೆ, ಯಾಕೆ?

ಹಳೇ ಕಾಲದ ಹತ್ತಿ ಕ್ಯಾನ್ವಾಸ್ ಬಿಸಿಲನ್ನ ಸುಮಾರಾಗಿ ತಾಳುತ್ತದೆ, ಕೆಳಗೆ ತಂಪೂ ಇರುತ್ತದೆ. ಆದರೆ ಒದ್ದೆಯಾಗಿ ಒಣಗದೇ ಉಳಿದರೆ ಬೂಷ್ಟು ಹಿಡಿದು ಕೊಳೆಯುತ್ತದೆ. ನಮ್ಮ ಮಳೆಗಾಲದಲ್ಲಿ ನಾಲ್ಕು ದಿನ ಬಿಸಿಲು ಕಾಣದಿದ್ದರೆ ಸಾಕು. ನೀರಿನ ಮೇಲೇ ಇರೋ ಬೋಟಿಗೆ ಈ ಕಾಟ ಇನ್ನೂ ಜಾಸ್ತಿ.

ನೀಲಿ, ಹಳದಿ ಬಣ್ಣದಲ್ಲಿ ಸಿಗೋದು ಎಚ್‌ಡಿಪಿಇ ತಾಡಪತ್ರಿ. ಇದರಲ್ಲಿ ಎರಡು ವಿಷಯ ಕೇಳಬೇಕು. ಒಂದು, ಜಿಎಸ್‌ಎಂ ಎಷ್ಟು? ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ ಎಷ್ಟು ಗ್ರಾಂ? ಸುಮಾರು 100 ಜಿಎಸ್‌ಎಂ ಇರೋ ಹಗುರ ಹಾಳೆಗೂ 200, 250 ಇರೋದಕ್ಕೂ ಹೊರಗಿಂದ ನೋಡಿದರೆ ದೊಡ್ಡ ವ್ಯತ್ಯಾಸ ಕಾಣಂಗಿಲ್ಲ. ತೂಕ ಹಾಕಿ ಅಳತೆಯಿಂದ ಭಾಗಿಸಿದರೆ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. ಎರಡು, ಬಿಸಿಲು ತಾಳೋ ಮದ್ದು, ಅಂದರೆ ಯುವಿ ಸ್ಟೆಬಿಲೈಸರ್, ಹಾಕಿದ್ದಾರೋ ಇಲ್ಲವೋ? ಇದು ಕಣ್ಣಿಗೆ ಕಾಣೋದಿಲ್ಲ. ಅದಕ್ಕೇ ಹಾಳೆ ಮೇಲೆ ಐಎಸ್ 7903 ಅನ್ನೋ ಬಿಐಎಸ್ ಗುರುತು ನೋಡಬೇಕು, ಬಿಲ್ ತಗೋಬೇಕು.

ಇನ್ನೊಂದು ನಮ್ಮ ಊರಾಗ ಎಲ್ಲಾ ಕಡೆ ಕಾಣೋದು, ಹಳೇ ಫ್ಲೆಕ್ಸ್. ಹುಟ್ಟುಹಬ್ಬದ್ದು, ಚುನಾವಣೆದು ತಲೆಕೆಳಗೆ ಮಾಡಿ ಕಟ್ಟಿರುತ್ತಾರೆ. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್ 2016ರ ಮಾರ್ಚ್‌ನಿಂದ ನಿಷೇಧ ಆಗಿವೆ. ಅದು ಒತ್ತಟ್ಟಿಗಿರಲಿ, ಫ್ಲೆಕ್ಸ್ ಮಾಡಿರೋದೇ ನಾಲ್ಕು ದಿನ ನೇತಾಡಿಸಲಿಕ್ಕೆ. ಮಡಿಕೆ ಬಿದ್ದ ಕಡೆ ಬಿಸಿಲಿಗೆ ಸೀಳುತ್ತದೆ. ಪುಕ್ಕಟೆ ಸಿಕ್ಕಿತು ಅಂತ ಹಾಕಿದ್ದು ಒಂದೇ ರಾತ್ರಿ ಮಳೆಯಲ್ಲಿ ಬಟ್ಟೆ ಅಂಗಡಿ ಮಾಲು ತೋಯಿಸಿದರೆ ಅದು ಪುಕ್ಕಟೆ ಆಗಲಿಲ್ಲ.

ಲಾರಿಗೆ ಹೊದಿಸೋ ಪಿವಿಸಿ ಲೇಪನದ ಪಾಲಿಯೆಸ್ಟರ್ 500, 600 ಜಿಎಸ್‌ಎಂ ತನಕ ಬರುತ್ತದೆ. ಗಟ್ಟಿ, ನೀರು ಬಿಡೋದಿಲ್ಲ. ಆದರೆ ಭಾರ, ಕೆಳಗೆ ಸೆಕೆ. ಬೋಟು, ಹೋಟೆಲ್ ಕೊಡೆಗಳಿಗೆ ಜಗತ್ತಿನಾದ್ಯಂತ ಹೆಸರಾದದ್ದು ಅಕ್ರಿಲಿಕ್ ಬಟ್ಟೆ. ಅಮೆರಿಕದ ಗ್ಲೆನ್ ರೇವನ್ ಕಂಪನಿ 1961ರಲ್ಲಿ ಸನ್‌ಬ್ರೆಲ್ಲಾ ಹೆಸರಿನಲ್ಲಿ ಇದನ್ನ ತಂದಿತು. ಇದರ ಗುಟ್ಟು ಇಷ್ಟೇ: ಎಳೆ ತಯಾರಾಗುವಾಗಲೇ ಬಣ್ಣ ಒಳಗೆ ಸೇರಿರುತ್ತದೆ. ಗೋಡೆಗೆ ಬಳಿದ ಸುಣ್ಣ ಉದುರುತ್ತದೆ, ಇಟ್ಟಂಗಿ ಒಡೆದರೂ ಒಳಗೆ ಕೆಂಪೇ ಇರುತ್ತದೆ, ಹಂಗೆ. ರೇಟು ಮಾತ್ರ ನಮ್ಮ ತರಕಾರಿ ಅಂಗಡಿಗೆ ಹೊಂದೋದಲ್ಲ.

ಬಟ್ಟೆ ಬಗ್ಗೆ ಮಾತಾಡುವಾಗ ಬೆಂಗೇರಿ ನೆನಪಾಗದೇ ಇರಂಗಿಲ್ಲ. ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಸೋ ಊರು ನಮ್ಮದು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ಬದಲಾಗಿ ಪಾಲಿಯೆಸ್ಟರ್‌ಗೂ ಅವಕಾಶ ಸಿಕ್ಕಾಗ ಹತ್ತಿಯೋ ಪಾಲಿಯೆಸ್ಟರೋ ಅಂತ ಇಲ್ಲಿ ಎಷ್ಟು ಚರ್ಚೆ ಆಯಿತು! ಹರಿದ ಧ್ವಜ ಹಾರಿಸಬಾರದು ಅಂತ ಅದೇ ಸಂಹಿತೆ ಹೇಳುತ್ತದೆ. ಹರಿದ ಚಪ್ಪರದ ಕೆಳಗೆ ಮಂದಿ ಕೂರಿಸಬಾರದು ಅಂತ ಮಾತ್ರ ಯಾರೂ ಹೇಳೋದಿಲ್ಲ.

ಬಟ್ಟೆಗಿಂತ ಮೊದಲು ಸೋಲೋದು ಮೂರು

ಮೊದಲನೇದು ನೂಲು. ಒಳ್ಳೇ ಬಟ್ಟೆಗೆ ಸಾದಾ ಹತ್ತಿ ಅಥವಾ ನೈಲಾನ್ ದಾರದ ಹೊಲಿಗೆ ಹಾಕಿದರೆ ಬಟ್ಟೆ ಗಟ್ಟಿ ಇರುವಾಗಲೇ ಹೊಲಿಗೆ ಬಿಚ್ಚುತ್ತದೆ. ಬಿಸಿಲು ತಾಳೋ ದಪ್ಪ ಪಾಲಿಯೆಸ್ಟರ್ ದಾರ ಕೇಳಿ ಹಾಕಿಸಬೇಕು. ಇಡೀ ಚಪ್ಪರದ ಖರ್ಚಿನಲ್ಲಿ ದಾರದ ಪಾಲು ಬಹಳ ಸಣ್ಣದು.

ಎರಡನೇದು ಪೈಪು. ಬಿಸಿಲಿಗೆ ಕಾದ ಕಬ್ಬಿಣದ ಪೈಪ್ ತಾಗೋ ಕಡೆ ಹಾಳೆ ಬೇಗ ಸುಡುತ್ತದೆ, ಗಾಳಿಗೆ ತಿಕ್ಕಿ ಸವೆಯುತ್ತದೆ. ಎಷ್ಟೋ ತಾಡಪತ್ರಿ ಸರಿಯಾಗಿ ಪೈಪಿನ ಗೆರೆಯಲ್ಲೇ ಹರಿದಿರೋದು ಅದಕ್ಕೇ. ಪೈಪಿಗೆ ಬಿಳಿ ಬಣ್ಣ ಹೊಡೆದು ಹಳೇ ಬಟ್ಟೆ ಸುತ್ತಿದರೆ ಬಾಳಿಕೆ ಹೆಚ್ಚುತ್ತದೆ.

ಮೂರನೇದು ಇಳಿಜಾರು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಚಪ್ಪರದ ಮೇಲೆ 50 ಮಿಲಿಮೀಟರ್ ಮಳೆಯಾದರೆ 460 ಲೀಟರಿಗಿಂತ ಜಾಸ್ತಿ. ಅದರಲ್ಲಿ ಕಾಲು ಭಾಗ ನಿಂತರೂ ನೂರು ಕಿಲೋ ದಾಟಿತು, ಎರಡು ಅಕ್ಕಿ ಚೀಲ ತಲೆ ಮೇಲೆ ನೇತಾಡಿದಂಗೆ. ಹತ್ತು ಅಡಿಗೆ ಎರಡೂವರೆ ಅಡಿ ಇಳಿಜಾರು ಕೊಟ್ಟರೆ ನೀರು ನಿಲ್ಲಂಗಿಲ್ಲ. ಜಾಗ ಇಲ್ಲದವರು ನಡುವೆ ಒಂದು ಅಡ್ಡಗಳ ಎತ್ತರಿಸಿ ಕಟ್ಟಿ ನೀರು ಎರಡೂ ಕಡೆ ಇಳಿಯೋ ಹಂಗ ಮಾಡಬಹುದು.

ಬೋಟಿಗೆ ಬೇಕಾಗಿರೋದು ನೆರಳು, ಸೂರಲ್ಲ

ಬೋಟಿನ ಲೆಕ್ಕ ಅಂಗಡಿಗಿಂತ ಬೇರೆ ಆಗೋದು ಇಲ್ಲಿ. ಜೋರು ಮಳೆ, ಗಾಳಿ ಇದ್ದಾಗ ಬೋಟ್ ನೀರಿಗೆ ಇಳಿಯಲೇಬಾರದು. ಅಂದ ಮೇಲೆ ಅದರ ಚಪ್ಪರ ನೀರು ತಡೆಯೋ ಗಟ್ಟಿ ಹಾಳೆ ಆಗಬೇಕಿಲ್ಲ. ಗಾಳಿ ಹಾಯ್ದು ಹೋಗೋ ನೆರಳಿನ ಬಲೆ, ಅಂದರೆ ಯುವಿ ಮದ್ದು ಹಾಕಿದ ಒಳ್ಳೇ ಶೇಡ್ ನೆಟ್, ಸಾಕು. ಗಟ್ಟಿ ಹಾಳೆ ಗಾಳಿಗೆ ಪಟದಂಗೆ ಉಬ್ಬಿ ಬೋಟನ್ನ ವಾಲಿಸುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟು ಆಗುತ್ತದೆ ಅನ್ನೋದು ಮರೀಬಾರದು.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. 1999ರ ಮೇ 1ರಂದು ಅಮೆರಿಕದ ಆರ್ಕನ್ಸಾದ ಒಂದು ಕೆರೆಯಲ್ಲಿ ಮಿಸ್ ಮೆಜೆಸ್ಟಿಕ್ ಹೆಸರಿನ ಪ್ರವಾಸಿ ದೋಣಿ ಮುಳುಗಿ 13 ಜನ ತೀರಿಕೊಂಡರು. ಹಲವರು ಸಿಕ್ಕಿಹಾಕಿಕೊಂಡಿದ್ದು ಮೇಲಿನ ಚಪ್ಪರದ ಕೆಳಗೇ. ಅಂಥ ದೋಣಿಗಳ ಚಪ್ಪರ ತೆಗೆಯಿರಿ ಅಂತ ಅಲ್ಲಿನ ತನಿಖಾ ಮಂಡಳಿ ಹೇಳಿತು. ಆದರೂ 2018ರ ಜುಲೈ 19ರಂದು ಮಿಸೌರಿಯ ಬ್ರಾನ್ಸನ್ ಹತ್ತಿರ ಬಿರುಗಾಳಿಗೆ ಸಿಕ್ಕ ಅದೇ ತರದ, ಚಪ್ಪರ ಇದ್ದ ದೋಣಿ ಮುಳುಗಿ 17 ಜನ ಹೋದರು. ಆ ಜಾತಿಯ ದೋಣಿಗಳ ಚಪ್ಪರ, ಪಕ್ಕದ ಪರದೆ ತೆಗೆಸೋ ಕಾನೂನು ಅಲ್ಲಿ ಬಂದದ್ದು 2022ರಲ್ಲಿ. ಲೈಫ್ ಜಾಕೆಟ್ ಹಾಕಿದವರನ್ನ ನೀರು ಮೇಲಕ್ಕೆ ಎತ್ತುತ್ತದೆ. ಮೇಲೆ ಬಿಗಿದ ಬಟ್ಟೆ ಇದ್ದರೆ ಎತ್ತಿದ್ದೇ ಮುಳುವಾಗುತ್ತದೆ.

ನಮ್ಮದು ಸಣ್ಣ ಕೆರೆ ಅನ್ನೋ ಧೈರ್ಯವೂ ಬೇಡ. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ಬೋಟ್ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ಅದೂ ಊರೊಳಗಿನ ಕೆರೆಯೇ.

ಅಂದರೆ ಬೋಟಿನ ಚಪ್ಪರ ಬದಲಿಸುವಾಗ ಮೂರು ಕಟ್ಟುನಿಟ್ಟು: ನಾಲ್ಕೂ ಪಕ್ಕ ತೆರೆದಿರಬೇಕು, ಪಕ್ಕದ ಪರದೆ ಬೇಡವೇ ಬೇಡ. ಬಟ್ಟೆ ಎಳೆದರೆ ಬಿಚ್ಚೋ ಪಟ್ಟಿಯಲ್ಲಿ ಕೂತಿರಬೇಕು, ತಂತಿ ಹಾಕಿ ಬಿಗಿಯಬಾರದು. ಗಾಳಿ ಎದ್ದರೆ ಬೋಟ್ ದಡಕ್ಕೆ ಬರಬೇಕು. ಚಪ್ಪರ ಇದೆ ಅನ್ನೋದು ನೀರಲ್ಲೇ ಉಳಿಯೋದಕ್ಕೆ ಕಾರಣ ಆಗಬಾರದು.

ಅಡಿಗೆ ಎಷ್ಟು ಅಂತಲ್ಲ, ವರ್ಷಕ್ಕೆ ಎಷ್ಟು ಅಂತ ಕೇಳಿ

ಒಂದು ಲೆಕ್ಕ ಹಾಕೋಣ. ರೇಟು ಅಂಗಡಿಯಿಂದ ಅಂಗಡಿಗೆ ಬೇರೆ, ಇದು ಬರೀ ಉದಾಹರಣೆ. 1,500 ರೂಪಾಯಿ ಹಾಳೆ, ಕಟ್ಟೋ ಕೂಲಿ 500, ವರ್ಷಕ್ಕೊಮ್ಮೆ ಅಂದರೆ ಐದು ವರ್ಷಕ್ಕೆ 10,000. ಅದೇ 6,000 ರೂಪಾಯಿಯ ಗಟ್ಟಿ ಹಾಳೆ, ಒಳ್ಳೇ ಹೊಲಿಗೆ, ಕೂಲಿ ಸೇರಿ ಇನ್ನೊಂದು 1,500 ಅಂತ ಹಿಡಿದರೂ 7,500. ಅದು ಐದು ವರ್ಷ ಬಾಳಿದರೆ 2,500 ಉಳಿತಾಯ, ನಾಲ್ಕು ವರ್ಷ ಬಾಳಿದರೂ ನಷ್ಟ ಇಲ್ಲ. ತೋಯ್ದ ಮಾಲಿನ ಲೆಕ್ಕ ಇದರಲ್ಲಿ ಸೇರಿಸಿಲ್ಲ.

ಇದು ಬಡವರಿಗೆ ಹೇಳೋದು ಸುಲಭ, ಮಾಡೋದು ಕಷ್ಟ. ಒಮ್ಮೆಲೇ 7,500 ಕೈಯಲ್ಲಿ ಇರಂಗಿಲ್ಲ. ಅಂಥವರಿಗೆ ಇನ್ನೊಂದು ದಾರಿ: ಬೇಸಿಗೆಗೆ ಶೇಡ್ ನೆಟ್, ಮಳೆಗಾಲಕ್ಕೆ ತಾಡಪತ್ರಿ. ಮಳೆ ಮುಗಿದ ಮೇಲೆ ತಾಡಪತ್ರಿಯನ್ನ ಸಾದಾ ಸಾಬೂನು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಒಳಗೆ ಮಡಚಿಡೋದು. ಬ್ಲೀಚಿಂಗ್ ಪೌಡರ್ ಮುಟ್ಟಿಸಬಾರದು. ಮೇ ಬಿಸಿಲು ತಪ್ಪಿಸಿದರೆ ಅಗ್ಗದ ಹಾಳೆಯೂ ಇನ್ನೊಂದು ಮಳೆಗಾಲ ಕಾಣುತ್ತದೆ.

ಸರಕಾರಿ ಖರೀದಿಗೂ ಇದೇ ರೋಗ. 1999ರ ಪಾರದರ್ಶಕತೆ ಕಾಯ್ದೆ ಇದೆ, ಟೆಂಡರ್ ಕರೆದು ಕಡಿಮೆ ದರದವರಿಗೆ ಕೊಡೋ ಪದ್ಧತಿ. ಅದರಲ್ಲಿ ತಪ್ಪಿಲ್ಲ. ಆದರೆ ಟೆಂಡರಿನಲ್ಲಿ "ಬೋಟಿನ ಮೇಲ್ಹೊದಿಕೆ, ಇಷ್ಟು ಚದರ ಅಡಿ" ಅಂತಷ್ಟೇ ಬರೆದರೆ ಕಡಿಮೆ ದರದವರು ಕಡಿಮೆ ಬಟ್ಟೆಯನ್ನೇ ಹಾಕುತ್ತಾರೆ. ಬಟ್ಟೆಯ ಜಾತಿ, ಜಿಎಸ್‌ಎಂ, ದಾರ, ಬಾಳಿಕೆಯ ಗ್ಯಾರಂಟಿ, ಪಕ್ಕ ತೆರೆದಿರಬೇಕು ಅನ್ನೋ ಷರತ್ತು, ಇಷ್ಟು ಐದು ಸಾಲು ಸೇರಿಸಿದರೆ ಅದೇ ಕಾಯ್ದೆಯಲ್ಲೇ ಒಳ್ಳೇ ಮಾಲು ಬರುತ್ತದೆ. ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಂಪುಟ ಒಪ್ಪಿದೆ. ಕೆರೆ, ಉದ್ಯಾನಗಳ ಸಾಮಾನು ಖರೀದಿಯ ನಮೂನೆ ಹೊಸದಾಗಿ ಬರೆಯೋದಾದರೆ ಇದೇ ಸಮಯ.

ನಾಳೆ ಚಪ್ಪರ ಇರ್ತದೋ ಇಲ್ಲವೋ?

ಬೀದಿ ವ್ಯಾಪಾರಿಗಳು ಒಳ್ಳೇದು ತಗೊಳ್ಳದಿರೋದಕ್ಕೆ ಇನ್ನೊಂದು ಕಾರಣ ಇದೆ, ಭಯ. ತೆರವು ಕಾರ್ಯಾಚರಣೆ ಬಂದು ಕಿತ್ತುಕೊಂಡು ಹೋದರೆ? 7,500ರ ಚಪ್ಪರ ಹೋಗೋದಕ್ಕಿಂತ 1,500ರದ್ದು ಹೋದರೆ ವಾಸಿ ಅನ್ನೋ ಲೆಕ್ಕ. ಅವರ ಜಾಗದಲ್ಲಿ ನಿಂತು ನೋಡಿದರೆ ಅದು ಸರಿಯಾದ ಲೆಕ್ಕವೇ.

ಆದರೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಏನು ಹೇಳುತ್ತದೆ ಅನ್ನೋದು ಗೊತ್ತಿರಲಿ. ವ್ಯಾಪಾರಿಯನ್ನ ಎಬ್ಬಿಸಬೇಕಾದರೆ, ಬೇರೆ ಕಡೆ ಕಳಿಸಬೇಕಾದರೆ 30 ದಿನದ ನೋಟಿಸ್ ಕೊಡಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಮಾಡಿ, ಸಹಿ ಹಾಕಿ ಕೊಡಬೇಕು. ದಂಡ ಕಟ್ಟಿ ಕೇಳಿದರೆ ಕೊಳೆಯೋ ಮಾಲನ್ನ ಅದೇ ದಿನ, ಕೊಳೆಯದ ಮಾಲನ್ನ ಎರಡು ಕೆಲಸದ ದಿನದೊಳಗೆ ವಾಪಸ್ ಕೊಡಬೇಕು. ತಾಡಪತ್ರಿ ಕೊಳೆಯೋ ಮಾಲಲ್ಲ. ಜಪ್ತಿ ಪಟ್ಟಿಯಲ್ಲಿ ಅದರ ಹೆಸರೂ ಬರೆಸಿಕೊಳ್ಳಿ.

ಜಾಗ ಗಟ್ಟಿಯಾದರೆ ಮಾತ್ರ ಚಪ್ಪರ ಗಟ್ಟಿಯಾಗುತ್ತದೆ. ವ್ಯಾಪಾರ ವಲಯ ಗುರುತಿಸುವಾಗ ಚಪ್ಪರದ ಎತ್ತರ, ಮುಂಚಾಚು, ನೀರು ಇಳಿಯೋ ದಿಕ್ಕು ಇಷ್ಟನ್ನೂ ಪಾಲಿಕೆ ಹೇಳಿಬಿಟ್ಟರೆ ಹತ್ತು ಮಂದಿ ಸೇರಿ ಒಟ್ಟಿಗೆ ಖರೀದಿ ಮಾಡಬಹುದು, ರೇಟೂ ಇಳಿಯುತ್ತದೆ. ಅಲ್ಲಿತನಕ ಅಂಗಡಿಗೆ ಹೋದಾಗ ನಾಲ್ಕು ಪ್ರಶ್ನೆ ಕೇಳೋಕೆ ರೊಕ್ಕ ಬೇಕಾಗಿಲ್ಲ: ಜಿಎಸ್‌ಎಂ ಎಷ್ಟು? ಯುವಿ ಇದೆಯಾ? ದಾರ ಯಾವುದು? ಎಷ್ಟು ವರ್ಷದ ಗ್ಯಾರಂಟಿ, ಬಿಲ್ ಮೇಲೆ ಬರೆದು ಕೊಡ್ತೀರಾ? ಬೋಟ್ ಹತ್ತುವವರು ಕೇಳಬೇಕಾದ್ದು ಒಂದೇ: ಈ ಬಟ್ಟೆ ಎಳೆದರೆ ಬಿಚ್ಚುತ್ತದಾ?