ಕೃಷಿಪಾಠಕ್ಕೆ ಹುಡುಗರೇಕೆ ನಿಲ್ಲುವುದಿಲ್ಲ?

ಪ್ರತಿ ವರ್ಷವೂ ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದೊಡನೆ ಊರಿನಿಂದ ವರಾಛಾದಲ್ಲಿರುವ ನಮ್ಮವರಿಗೆ ಬರುವ ಪ್ರಶ್ನೆ ಒಂದೇ: ಹುಡುಗನನ್ನು ಮುಂದೆ ಯಾವುದಕ್ಕೆ ಸೇರಿಸೋಣ? ಹಣ ಕಳುಹಿಸುವವನ ಮಾತಿಗೆ ಮನೆಯಲ್ಲಿ ತೂಕವಿರುವುದು ಸಹಜ. ದೋಸೆಕಲ್ಲಿನ ಮುಂದೆ ನಿಂತವರಾಗಲಿ, ಜವಳಿ ಮಾರುಕಟ್ಟೆಯಲ್ಲಿ ಲೆಕ್ಕ ಬರೆಯುವವರಾಗಲಿ, ನಾವು ಕೊಡುವ ಉತ್ತರದಲ್ಲಿ ಕಾಮರ್ಸ್ ಇರುತ್ತದೆ, ಕಂಪ್ಯೂಟರ್ ಇರುತ್ತದೆ, ಐ.ಟಿ.ಐ. ಇರುತ್ತದೆ. ಕೃಷಿ ಡಿಪ್ಲೊಮಾ ಎಂಬ ಮಾತು ಬಂದರೆ ಮಾತ್ರ, ಕೆಸರು ತುಳಿಯುವುದಕ್ಕೆ ಶಾಲೆ ಯಾತಕ್ಕೆ ಎಂದು ನಕ್ಕುಬಿಡುತ್ತೇವೆ. ಆ ನಗೆಯ ವಿಷಯವಾಗಿಯೇ ಇಂದು ಕೆಲವು ಮಾತು ಬರೆಯಬೇಕೆಂದಿದ್ದೇವೆ.

ನಮ್ಮ ಜನಕ್ಕೆ ಕೃಷಿವಿದ್ಯೆಯೆಂದರೆ ಬೇಸರವೆಂದು ಒಂದೇ ಉಸಿರಿನಲ್ಲಿ ಹೇಳಿಬಿಡುವುದು ಸರಿಯಲ್ಲ. ಕರ್ನಾಟಕದ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಬಿ.ಎಸ್‌ಸಿ. ತರಗತಿಗೆ ಸೇರಬೇಕಾದರೆ ಇಂದು ದೊಡ್ಡ ಪೈಪೋಟಿಯನ್ನೇ ಎದುರಿಸಬೇಕಾಗಿದೆ. ರೈತರ ಮಕ್ಕಳಿಗಾಗಿ ಅಲ್ಲಿ ಸ್ಥಾನಗಳನ್ನು ಕಾದಿರಿಸಿ, ಬೀಜ, ಗೊಬ್ಬರ, ಉಪಕರಣಗಳನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆಯನ್ನೂ ಇಟ್ಟಿದ್ದಾರೆ. (ಪರೀಕ್ಷೆಗೆ ವಾರವಿರುವಾಗ ಬೀಜಗಳ ಹೆಸರನ್ನು ಮಗನಿಗೆ ಬಾಯಿಪಾಠ ಮಾಡಿಸುವ ತಂದೆಯರೂ ಇದ್ದಾರೆಂದು ಕೇಳಿದ್ದೇವೆ.) ಈ ನೂಕುನುಗ್ಗಲಿಗೆ ಕಾರಣ ಗೂಢವಾದುದೇನಲ್ಲ. ಆ ಪದವಿಯ ಕೊನೆಗೆ ಕೃಷಿ ಅಧಿಕಾರಿಯ ಕುರ್ಚಿ ಇದೆ, ಬ್ಯಾಂಕಿನ ಕುರ್ಚಿ ಇದೆ. ಅದೇ ಕೃಷಿ, ಹತ್ತನೆಯ ತರಗತಿ ಮುಗಿಸಿದವನ ಮುಂದೆ ಕನ್ನಡದಲ್ಲಿಯೇ ಕಲಿಸುವ ಎರಡು ವರ್ಷದ ಡಿಪ್ಲೊಮಾವಾಗಿ ಬಂದಾಗ, ಮನೆಯವರು ಮೊದಲು ಕೇಳುವುದು ‘ಆಮೇಲೇನು?’ ಎಂದೇ. ಮೇಲಿನ ಮೆಟ್ಟಿಲು ಕಾಣದ ಏಣಿಯನ್ನು ಹತ್ತಲು ಯಾವ ಹುಡುಗನೂ ಮುಂದಾಗಲಾರನು.

ಈ ತೊಡಕು ಹೊಸದಲ್ಲ. 1937ರ ಅಕ್ಟೋಬರಿನಲ್ಲಿ ವರ್ಧಾದ ಸಮ್ಮೇಳನದಲ್ಲಿ ಗಾಂಧೀಜಿಯವರು ಮೂಲಶಿಕ್ಷಣದ ಯೋಜನೆಯನ್ನು ದೇಶದ ಮುಂದಿಟ್ಟರು. ಕೈಗೆಲಸದ ಮೂಲಕವೇ ವಿದ್ಯೆ ಬರಬೇಕೆಂಬುದು ಅದರ ತಿರುಳು. ಯೋಜನೆಯನ್ನು ಹೊಗಳಿದ ದೊಡ್ಡವರಲ್ಲಿ ಎಷ್ಟು ಮಂದಿ ತಮ್ಮ ಮಕ್ಕಳನ್ನು ಆ ಶಾಲೆಗಳಿಗೆ ಕಳುಹಿಸಿದರೆಂದು ಕೇಳಿದರೆ ಉತ್ತರ ಕೊಡುವುದು ಕಷ್ಟ. ಬಡವರ ಮಕ್ಕಳಿಗೆ ಚರಕ ಮತ್ತು ಗುದ್ದಲಿ, ಉಳ್ಳವರ ಮಕ್ಕಳಿಗೆ ಇಂಗ್ಲಿಷ್ ಎಂದಾದ ಮೇಲೆ, ಬಡವನೂ ತನ್ನ ಮಗನನ್ನು ಅಲ್ಲಿಂದ ಬಿಡಿಸಿದನು. 1964ರಿಂದ 66ರವರೆಗೆ ಕಾರ್ಯ ನಡೆಸಿದ ಕೊಠಾರಿ ಆಯೋಗವು, ಕೆಳಗಿನ ತರಗತಿಗಳಲ್ಲಿಯೇ ಬೇಸಾಯದ ವೃತ್ತಿಶಿಕ್ಷಣ ಕೊಡುವ ಪ್ರಯತ್ನ ಫಲಿಸಲಿಲ್ಲವೆಂದು ಕಂಡು, ಮೆಟ್ರಿಕ್ ನಂತರದ ಕೃಷಿ ಪಾಲಿಟೆಕ್ನಿಕ್‌ಗಳತ್ತ ಬೆರಳು ತೋರಿಸಿತು.

ಆದರೆ ನಾವಿರುವ ಈ ಗುಜರಾತಿನಲ್ಲಿ ಬೇರೊಂದು ಕಥೆಯೂ ಉಂಟು. ಹೋಟೆಲಿಗೆ ಚಪಾತಿ ಹಿಟ್ಟಿನ ಮೂಟೆ ತರುವ ನಮ್ಮ ಸೋದರರಿಗೆ ‘ಲೋಕ್-ಒನ್’ ಎಂಬ ಗೋಧಿಯ ಹೆಸರು ಚೆನ್ನಾಗಿ ಗೊತ್ತು. ಅದು ಹುಟ್ಟಿದುದು ಭಾವನಗರ ಜಿಲ್ಲೆಯ ಸಣೋಸರಾ ಎಂಬ ಹಳ್ಳಿಯಲ್ಲಿ, ಲೋಕಭಾರತಿಯೆಂಬ ವಿದ್ಯಾಸಂಸ್ಥೆಯ ಹೊಲದಲ್ಲಿ. ನಾನಾಭಾಯಿ ಭಟ್ಟರು 1938ರಲ್ಲಿ ಆಂಬಲಾ ಗ್ರಾಮದಲ್ಲಿ ಗ್ರಾಮ ದಕ್ಷಿಣಾಮೂರ್ತಿಯನ್ನು ತೆರೆದರು. ಅಲ್ಲಿ ಕಲಿತ ಹಳ್ಳಿಯ ಹುಡುಗರು ಮುಂದೆ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಎದ್ದಾಗ, ‘ದರ್ಶಕ’ ಎಂಬ ಕಾವ್ಯನಾಮದ ಮನುಭಾಯಿ ಪಂಚೋಲಿಯವರೊಡಗೂಡಿ 1953ರಲ್ಲಿ ಲೋಕಭಾರತಿಯನ್ನು ಕಟ್ಟಿದರು. ಏಣಿಗೆ ಮೇಲಿನ ಮೆಟ್ಟಿಲನ್ನು ತಾವೇ ಕಡೆದು ಹಾಕಿದರೆಂದರ್ಥ. ಇತ್ತ ನಮ್ಮ ಸೂರತ್ ಸೀಮೆಯಲ್ಲಿ, ಈಗ ತಾಪಿ ಜಿಲ್ಲೆಗೆ ಸೇರಿದ ವೇಡ್ಛಿಯಲ್ಲಿ, ಜುಗತರಾಮ ದವೆಯವರು ಆದಿವಾಸಿ ಮಕ್ಕಳ ನಡುವೆ ಇಂಥದೇ ಕೆಲಸಕ್ಕೆ ಬದುಕನ್ನೇ ಸವೆಸಿದರು. ಗುಜರಾತಿನ ಹೈಯರ್ ಸೆಕೆಂಡರಿ ಮಂಡಲಿಯ ಪರೀಕ್ಷೆಯಲ್ಲಿ ಉತ್ತರ ಬುನಿಯಾದಿ ಎಂಬ ಪ್ರತ್ಯೇಕ ವಿಭಾಗಕ್ಕೆ ಸ್ಥಾನ ದೊರೆತಿರುವುದು ಈ ಪರಂಪರೆಯ ಫಲವೇ.

ಹಾಗೆಂದು ಲೋಕಭಾರತಿಯಿಂದ ಎಲ್ಲವೂ ನೆಟ್ಟಗಾಯಿತೆಂದು ನಾವು ಹೇಳಲಾರೆವು. ವರಾಛಾದ ಓಣಿಗಳಲ್ಲಿ ವಜ್ರದ ಸಾಣೆಗೆ ಕುಳಿತವರಲ್ಲಿ ಬಹುಮಂದಿ ಅದೇ ಭಾವನಗರ, ಅಮರೇಲಿ ಕಡೆಯ ಒಕ್ಕಲು ಮನೆತನದವರು. ಮಳೆಯನ್ನೇ ನಂಬಿದ ಹೊಲ ಕೈಬಿಟ್ಟಾಗ ಅವರು ಹೊರಟು ಬಂದರು. 2008ರ ಆರ್ಥಿಕ ಕುಸಿತದಲ್ಲಿ ಸಾಣೆ ನಿಂತಾಗ ಅವರಲ್ಲಿ ಅನೇಕರು ಅದೇ ಹೊಲಕ್ಕೆ ಹಿಂದಿರುಗಿದರು. ಹೊಲದಲ್ಲಿ ಹುಟ್ಟುವಳಿಯಿಲ್ಲದಿದ್ದರೆ ಶಾಲೆಯೊಂದೇ ಹುಡುಗನನ್ನು ಹಿಡಿದು ನಿಲ್ಲಿಸಲಾರದು.

ಹುಟ್ಟುವಳಿಯ ಈ ಮಾತನ್ನು ಅಮೆರಿಕೆಯವರು ಬೇಗನೆ ಅರಿತುಕೊಂಡರು. ಮ್ಯಾಸಚೂಸೆಟ್ಸ್ ಪ್ರಾಂತದ ಕೃಷಿಶಾಲೆಯೊಂದರಲ್ಲಿ 1908ರಿಂದ ರೂಫಸ್ ಸ್ಟಿಮ್ಸನ್ ಎಂಬವರು ಒಂದು ಕ್ರಮವನ್ನು ಆಚರಣೆಗೆ ತಂದರು. ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯ ಹೊಲದಲ್ಲಿ ಒಂದು ಬೆಳೆಯನ್ನೋ ಕೋಳಿ-ಹಸುಗಳನ್ನೋ ತನ್ನದೇ ಹೊಣೆಯಲ್ಲಿ ಸಾಕಿ ಬೆಳೆಸಬೇಕು, ಖರ್ಚು-ಆದಾಯದ ಲೆಕ್ಕ ಬರೆಯಬೇಕು, ಉಪಾಧ್ಯಾಯರು ಮನೆಗೇ ಬಂದು ನೋಡಬೇಕು. 1917ರ ಸ್ಮಿತ್-ಹ್ಯೂಸ್ ಕಾಯಿದೆಯು ವರ್ಷಕ್ಕೆ ಕನಿಷ್ಠ 6 ತಿಂಗಳ ಇಂಥ ಹೊಲದ ಅಭ್ಯಾಸವಿಲ್ಲದ ಕೃಷಿ ತರಗತಿಗೆ ಸರಕಾರದ ಹಣವಿಲ್ಲವೆಂದು ಕಟ್ಟು ಮಾಡಿತು. ತಾನು ನೆಟ್ಟ ಸಾಲಿಗೆ ನೀರು ಹಾಯಿಸಬೇಕಾದ ಹುಡುಗನು ತರಗತಿಯನ್ನು ನಡುವೆ ಬಿಟ್ಟು ಹೋಗುವುದು ಸುಲಭವಲ್ಲ.

ನಮ್ಮಲ್ಲಿ ನಡೆಯುವುದೇನು? ಕರಾವಳಿಯ ಶಾಲೆಗಳು ಮಳೆಗಾಲದಲ್ಲಿ ಮಕ್ಕಳನ್ನು ಒಂದು ದಿನ ಗದ್ದೆಗಿಳಿಸುತ್ತವೆ. ನೇಜಿ ಹಿಡಿದ ಮಕ್ಕಳ ಭಾವಚಿತ್ರ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಮಕ್ಕಳಿಗೆ ಸಂತೋಷ, ನಮ್ಮ ಆಕ್ಷೇಪವೇನೂ ಇಲ್ಲ. ಆದರೆ ಆ ಪೈರಿಗೆ ಕಳೆ ಕಿತ್ತವರು ಯಾರು, ಕೊಯ್ದವರು ಯಾರು, ಅಕ್ಕಿಯ ದುಡ್ಡು ಯಾರಿಗೆ ಸಂದಿತು ಎಂಬುದು ಆ ಮಕ್ಕಳಿಗೆ ತಿಳಿದಿರಲಾರದು.

ಇದರ ಬೆಲೆ ಎಷ್ಟೆಂಬುದನ್ನು 2020ರ ಲಾಕ್‌ಡೌನ್ ನಮಗೆ ಕಾಣಿಸಿತು. ಹೋಟೆಲುಗಳು ಮುಚ್ಚಿ ಊರು ಸೇರಿದ ನಮ್ಮ ತರುಣರಲ್ಲಿ ಎಷ್ಟೋ ಮಂದಿ ಮನೆಯ ಮುಂದಿನ ಗದ್ದೆ ಹಡಿಲು ಬಿದ್ದಿರುವುದನ್ನು ನೋಡಿ ಕೈಕಟ್ಟಿ ಕುಳಿತರು. ಮರುವರ್ಷ ಉಡುಪಿ ಭಾಗದಲ್ಲಿ ಹಡಿಲು ಭೂಮಿಯನ್ನು ಸಾಮೂಹಿಕವಾಗಿ ಬೆಳೆಸುವ ಆಂದೋಲನ ನಡೆದು, ‘ಉಡುಪಿ ಕೇದಾರ ಕಜೆ’ ಎಂಬ ಹೆಸರಿನ ಅಕ್ಕಿ ಮಾರುಕಟ್ಟೆಗೂ ಬಂದಿತು. ನೆಲ ಕೆಟ್ಟಿರಲಿಲ್ಲ, ಬೆಳೆಯಬಲ್ಲ ಕೈಗಳು ಮನೆಯಲ್ಲಿ ಇರಲಿಲ್ಲ.

ಗದ್ದೆಯನ್ನು ಬೇರೆಯವರಿಗೆ ಕೊಟ್ಟರೆ ಗೇಣಿಯ ಹಕ್ಕು ಬಂದೀತೆಂಬ ಅಂಜಿಕೆ 1974ರ ಭೂಸುಧಾರಣೆಯ ಕಾಲದಿಂದ ಎಷ್ಟೋ ಮನೆಗಳಲ್ಲಿ ಉಳಿದಿದೆ. ಆದರೆ ಮನೆಯ ಮಗನಿಗೋ ಸೋದರಳಿಯನಿಗೋ 20 ಸೆಂಟ್ಸ್ ಬಿಟ್ಟುಕೊಡುವುದಕ್ಕೆ ಯಾವ ಕಾಯಿದೆಯ ಭಯ? ಏಣೆಲು ಅವನದು, ಬೀಜ-ಗೊಬ್ಬರದ ಹಣ ನಮ್ಮಿಂದ ಸಾಲವಾಗಿ, ಲೆಕ್ಕದ ಪುಸ್ತಕ ಅವನ ಕೈಯಲ್ಲಿ, ಲಾಭವೂ ಅವನಿಗೇ. ನೀರಿದ್ದಲ್ಲಿ ಸುಗ್ಗಿಯನ್ನೂ ಬೆಳೆಯಲಿ. ಅಪ್ಪನು ಭತ್ತ ಮಾರಿ ದುಡ್ಡನ್ನು ಸಂಸಾರಕ್ಕೆ ಹಾಕಿಕೊಂಡನೋ, ಹುಡುಗನು ಮರುದಿನವೇ ಸೂರತ್ತಿನ ರೈಲು ಹಿಡಿಯುವನು. ಇದನ್ನು ನಾವೆಲ್ಲರೂ ಬಲ್ಲೆವು, ಏಕೆಂದರೆ ನಮ್ಮಲ್ಲಿ ಹಲವರು ಹಾಗೆಯೇ ಬಂದವರು.

ಸರಕಾರವು ಮಾಡಬೇಕಾದುದೂ ಉಂಟು. 2021ರಲ್ಲಿ ಕರ್ನಾಟಕ ಸರಕಾರವು ರೈತರ ಮಕ್ಕಳಿಗೆ ವಿದ್ಯಾನಿಧಿ ಯೋಜನೆಯನ್ನು ಆರಂಭಿಸಿದಾಗ, ಯಾವ ವಿಷಯ ಓದಿದರೂ ವೇತನ ದೊರೆಯುವಂತೆ ಮಾಡಿತು. ಒಳ್ಳೆಯದೇ. ಆದರೆ ಗದ್ದೆಯ ಲೆಕ್ಕದ ಪುಸ್ತಕ ತೋರಿಸುವ ಡಿಪ್ಲೊಮಾ ವಿದ್ಯಾರ್ಥಿಗೆ ಅದಕ್ಕಿಂತ ಹೆಚ್ಚು ಕೊಡುವುದೂ, ಚೆನ್ನಾಗಿ ಮುಗಿಸಿದವನಿಗೆ ಬಿ.ಎಸ್‌ಸಿ.ಯ ಬಾಗಿಲನ್ನು ಅಗಲವಾಗಿ ತೆರೆಯುವುದೂ ಅವಶ್ಯ.

ಅಹಮದಾಬಾದ್, ವಡೋದರಾ, ಸೂರತ್‌ಗಳ ನಮ್ಮ ಸಂಘಗಳು ವರ್ಷಾವಧಿ ಸಭೆಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಶಾಲು ಹೊದಿಸುವುದು ರೂಢಿ. ಆ ಪಟ್ಟಿಗೆ ಈ ಸಲ ಊರಿನ ಕೃಷಿ ಡಿಪ್ಲೊಮಾ ವಿದ್ಯಾರ್ಥಿಯೊಬ್ಬನ ಹೆಸರೂ ಸೇರಲಿ, ಹಣವೂ ಸೇರಲಿ. ಮನೆಯವರಿಗೆ ತಿಳಿಸಬೇಕಾದ 20 ಸೆಂಟ್ಸಿನ ಮಾತನ್ನು ಮಾತ್ರ ಸಭೆಯವರೆಗೆ ತಡೆಯಲಾಗದು; ಮೊದಲ ಮಳೆಗೆ ಊರಲ್ಲಿ ಉಳುಮೆ ಶುರುವಾಗುತ್ತದೆ.