ಕೊನೆಯ ನುಡಿಯಲ್ಲಿ ಊರಿನ ಹೆಸರು

2025ರ ಮಾರ್ಚ್ 3ಕ್ಕೆ ಬೀಳಗಿಯ ಅಮೀರಬಾಯಿ ಕರ್ನಾಟಕಿ ತೀರಿಕೊಂಡು 60 ವರ್ಷ ತುಂಬಿದವು. ಅದೇ ವರ್ಷದ ಪದ್ಮಶ್ರೀ ಪಟ್ಟಿಯಲ್ಲಿ ಬಾಗಲಕೋಟೆಯ ಗೊಂದಲಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ ಅವರ ಹೆಸರಿತ್ತು. ಇನ್ನು ಕಬ್ಬಿನ ಹಂಗಾಮು ಬಂತೆಂದರೆ ಮುಧೋಳ, ಜಮಖಂಡಿ ರಸ್ತೆಗಳ ಮೇಲೆ ಟ್ರ್ಯಾಕ್ಟರುಗಳು ಡಿಜೆ ಜಾನಪದ ಹಾಡು ಹಚ್ಚಿಕೊಂಡೇ ಕಾರ್ಖಾನೆಯ ಹಾದಿ ಹಿಡಿಯುತ್ತವೆ. ಈ ಮೂರನ್ನೂ ಒಂದೇ ಲೆಕ್ಕದಲ್ಲಿ ಬರೆಯುವ ರೂಢಿ ನಮ್ಮಲ್ಲಿಲ್ಲ. ಅಮೀರಬಾಯಿ ಮುಂಬೈ ಸಿನಿಮಾದವರ ಪಾಲು, ಗೊಂದಲಿಗರು ಅಕಾಡೆಮಿಗಳ ಪಾಲು, ಡಿಜೆ ಹಾಡು ಯಾರ ಪಾಲೂ ಅಲ್ಲ ಎಂದು ಹಂಚಿಬಿಟ್ಟಿದ್ದೇವೆ. ಬಾಗಲಕೋಟೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ದನಿ ಮೊದಲು ಗ್ರಾಮೋಫೋನ್ ತಟ್ಟೆಗೆ, ಆಮೇಲೆ ಟೇಪಿಗೆ, ಈಗ ಮೊಬೈಲಿಗೆ ಇಳಿದಿದೆ. ಆ ಹಾದಿಯಲ್ಲಿ ಉಳಿದದ್ದೇನು, ಹೋದದ್ದೇನು, ಹೊಸದಾಗಿ ಕೇಳಹೊರಟವರಿಗೆ ಯಾವುದನ್ನು ಕೇಳಿ ಎನ್ನಬಹುದು ಎಂಬುದೇ ಈ ಸಿಂಹಾವಲೋಕನದ ವಿಷಯ.

ಇಂಡಿ, ಪ್ರಾಯೋಗಿಕ, ಎಲೆಕ್ಟ್ರಾನಿಕ್ ಎಂಬ ಹಣೆಪಟ್ಟಿ ಹಚ್ಚಿ ಆಲ್ಬಮ್‌ಗಳ ಪಟ್ಟಿ ಮಾಡುವವರ ಕಣ್ಣು ಬೆಂಗಳೂರು, ಮುಂಬೈ, ಲಂಡನ್ ಕಡೆಗಿರುತ್ತದೆ. ದೊಡ್ಡ ಕಂಪನಿಯ ಹಂಗಿಲ್ಲದೆ ಸ್ವಂತ ದುಡ್ಡು ಹಾಕಿ ಹಾಡು ಹೊರತರುವುದೇ ಇಂಡಿ ಎನ್ನುವುದಾದರೆ, ಕೃಷ್ಣಾ-ಘಟಪ್ರಭಾ ಸೀಮೆಯ ಹುಡುಗರು ಅದನ್ನು ಯಾವ ಹೆಸರೂ ಇಡದೆ ಮಾಡುತ್ತ ಬಂದಿದ್ದಾರೆ. ಬಾರಿಸುವ ಡೊಳ್ಳಿನ ಜಾಗಕ್ಕೆ ಯಂತ್ರದ ಬಡಿತ ತಂದು ಕೂರಿಸುವುದು ಎಲೆಕ್ಟ್ರಾನಿಕ್ ಎನ್ನುವುದಾದರೆ, ಅದೂ ಇಲ್ಲಿ ಪ್ರತಿ ಜಾತ್ರೆಯಲ್ಲಿ ಕೇಳಿಸುತ್ತದೆ.

ಲೆಕ್ಕವನ್ನು ತಟ್ಟೆಯಿಂದ ಶುರು ಮಾಡೋಣ. 1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮೋಫೋನ್ ಕಂಪನಿಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳಿದಳು. ಮುದ್ರಣವಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾವ ತಟ್ಟೆಗೆ ಯಾರ ಚೀಟಿ ಅಂಟಿಸಬೇಕೆಂದು ತಿಳಿಯಬೇಕಲ್ಲ. ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ ಮಾತ್ರ ಹಿಡಿಸುವ ಆ 78 ವೇಗದ ತಟ್ಟೆಗಳ ಕಾಲದಲ್ಲೇ ಬೀಳಗಿಯ ಅಕ್ಕತಂಗಿಯರಾದ ಗೋಹರಬಾಯಿ, ಅಮೀರಬಾಯಿ ಮುಂಬೈಗೆ ಹೋದರು.

ಅಮೀರಬಾಯಿಯನ್ನು ದೇಶಕ್ಕೆ ಪರಿಚಯಿಸಿದ್ದು ಬಾಂಬೆ ಟಾಕೀಸಿನ ‘ಕಿಸ್ಮತ್’ (1943). ಅನಿಲ್ ಬಿಸ್ವಾಸ್ ಸಂಗೀತ, ಕವಿ ಪ್ರದೀಪ್ ಸಾಹಿತ್ಯ. ಕಲ್ಕತ್ತಾದ ರಾಕ್ಸಿ ಟಾಕೀಸಿನಲ್ಲಿ ಅದು ಮೂರು ವರ್ಷಕ್ಕೂ ಮೀರಿ ಓಡಿತು. ಅದಕ್ಕೂ ಮೊದಲು ‘ನರಸಿ ಭಗತ್’ (1940) ಚಿತ್ರದಲ್ಲಿ ಆಕೆ ಹಾಡಿದ ನರಸಿ ಮೆಹತಾರ ಭಜನೆ ಮನೆಮನೆಯ ಹಾಡಾಗಿತ್ತು. 1948ರ ‘ಶಹನಾಜ್’ ಚಿತ್ರಕ್ಕೆ ತಾವೇ ಸಂಗೀತ ಕೊಟ್ಟರು. ಹೆಣ್ಣುಮಗಳು ಮೈಕಿನ ಮುಂದೆ ನಿಲ್ಲಬಹುದಿತ್ತು, ಆದರೆ ವಾದ್ಯದವರಿಗೆ ಹೀಗೆ ನುಡಿಸಿ ಎಂದು ಹೇಳುವ ಜಾಗ ಸಿಗುವುದು ಅಪರೂಪವಾಗಿದ್ದ ಕಾಲ ಅದು. ಅಮೀರಬಾಯಿಯ ದನಿಯಲ್ಲಿ ಈಗಿನ ಕಿವಿಗೆ ಮೊದಲು ಹಿಡಿಸುವುದು ಅದರ ತೂಕ. ಕಂಪನಿ ನಾಟಕದ ಕಾಲದಲ್ಲಿ ಮೈಕಿಲ್ಲದೆ ಕೊನೆಯ ಸಾಲಿನವರೆಗೆ ಮುಟ್ಟಿಸುತ್ತಿದ್ದ ಎದೆದನಿ, ಸಿನಿಮಾದ ಮೈಕಿನ ಮುಂದೆ ಮೆತ್ತಗಾಗುವುದನ್ನು ಕಲಿಯುತ್ತಿರುವುದು ಆ ಹಾಡುಗಳಲ್ಲಿ ಕೇಳಿಸುತ್ತದೆ. 1940ರ ಭಜನೆ ಹಚ್ಚಿ, ಅದರ ಬೆನ್ನಿಗೆ ‘ಕಿಸ್ಮತ್’ ಹಾಡುಗಳನ್ನು ಕೇಳಿ. ಈ ಸೀಮೆಯ ಮೊದಲ ‘ಆಲ್ಬಮ್’ ಎಂದು ನಾವು ಸೂಚಿಸುವುದು ಇದನ್ನೇ.

ಗೋಹರಬಾಯಿಯ ಕಥೆ ಬೇರೆ. 1930ರ ದಶಕದ ಕೊನೆಯಲ್ಲಿ ಮರಾಠಿ ರಂಗನಟ ಬಾಲಗಂಧರ್ವರ ನಾಟಕ ಮಂಡಳಿ ಸೇರಿ, ಅವರು ಹೆಣ್ಣು ವೇಷದಲ್ಲಿ ಹಾಡಿ ಮೆರೆದ ಪದಗಳನ್ನು ಹೆಣ್ಣಾಗಿಯೇ ನಿಂತು ಹಾಡಿದಾಕೆ. ಬಾಲಗಂಧರ್ವರ ಶೈಲಿಯನ್ನು ಅಷ್ಟು ಹತ್ತಿರದಿಂದ ಗಂಟಲಿಗೆ ಇಳಿಸಿಕೊಂಡವರು ವಿರಳ. ಆದರೂ ಮರಾಠಿ ರಂಗಭೂಮಿಯ ಬರಹಗಳಲ್ಲಿ ಆಕೆಯ ಹಾಡಿಗಿಂತ ಇಬ್ಬರ ಸಂಬಂಧದ ಮೇಲಿನ ಸಿಟ್ಟೇ ಹೆಚ್ಚು ಜಾಗ ತಿಂದಿದೆ. ಇಬ್ಬರ ತಟ್ಟೆಗಳನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ಆ ಸಿಟ್ಟು ಎಷ್ಟು ಬಡವಾಗಿತ್ತೆಂದು ಗೊತ್ತಾಗುತ್ತದೆ. ಕನ್ನಡದಲ್ಲಿ ಈ ಬಾಕಿ ತೀರಿಸುವ ಕೆಲಸವನ್ನು ರಹಮತ್ ತರೀಕೆರೆ ಅಮೀರಬಾಯಿ ಕುರಿತ ತಮ್ಮ ಪುಸ್ತಕದಲ್ಲಿ ಮಾಡಿದ್ದಾರೆ. ಪುಸ್ತಕ ಬಂತು. ಬೀಳಗಿಗೆ ಹೋಗಿ ಆ ದನಿಗಳನ್ನು ಕೂತು ಕೇಳುವ ಒಂದು ಕೋಣೆ ಮಾತ್ರ ಬರಲಿಲ್ಲ.

ಮರಾಠಿಯ ಈ ಒಡನಾಟಕ್ಕೆ ಕಾರಣ ಇತಿಹಾಸದಲ್ಲೇ ಇದೆ. ಜಮಖಂಡಿ ಸಂಸ್ಥಾನ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ಎರಡೂ ಮರಾಠಿ ಮನೆತನಗಳು. 1948ರಲ್ಲಿ ಸಂಸ್ಥಾನಗಳು ಮುಂಬೈ ಪ್ರಾಂತಕ್ಕೆ ಸೇರಿ, 1956ರಲ್ಲಿ ಇಡೀ ಸೀಮೆ ಕನ್ನಡ ರಾಜ್ಯಕ್ಕೆ ಬಂತು. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಮಿರಜ್ ಇಲ್ಲಿಗೆ ದೂರದ್ದಲ್ಲ. ಹೀಗಾಗಿ ಒಂದೇ ಗಂಟಲಿನಲ್ಲಿ ನಾಟ್ಯಗೀತೆ, ಅಭಂಗ, ತತ್ವಪದ, ಲಾವಣಿ ಇರುವುದು ಇಲ್ಲಿ ಯಾರಿಗೂ ಸೋಜಿಗವಲ್ಲ.

ತಟ್ಟೆಯ ಕಾಲ ಯಾರನ್ನು ಹೊರಗಿಟ್ಟಿತೆಂಬುದನ್ನೂ ಬರೆಯಬೇಕು. ಶ್ರೀಕೃಷ್ಣ ಪಾರಿಜಾತ ರಾತ್ರಿಯಿಡೀ ನಡೆಯುವ ಆಟ. ಅಪರಾಳ ತಮ್ಮಣ್ಣ ಕಟ್ಟಿದ ಪದಗಳನ್ನು ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಅದರಿಂದಲೇ ಹೆಸರಾದಳು. ದೂತಿಯೂ ಭಾಗವತನೂ ಮಾತಿಗೆ ಮಾತು ಕೂಡಿಸುವ ಆ ಆಟ ಮೂರು ನಿಮಿಷದ ತಟ್ಟೆಯಲ್ಲಿ ಎಲ್ಲಿ ಹಿಡಿಸೀತು? ಕರಡಿ ಮಜಲು, ಚೌಡಿಕೆ ಪದ, ಹಂತಿ ಪದ, ಮೊಹರಂ ಪದ, ಹರದೇಶಿ-ನಾಗೇಶಿ ವಾದದ ಗೀಗೀ ಪದಗಳದೂ ಇದೇ ಪಾಡು. ಒಬ್ಬರು ಎಸೆದ ಒಗಟಿಗೆ ಇನ್ನೊಬ್ಬರು ಅಲ್ಲೇ ನಿಂತು ಪದ ಕಟ್ಟಿ ಉತ್ತರಿಸುವ ಗೀಗೀ ವಾದಕ್ಕಿಂತ ದೊಡ್ಡ ಪ್ರಯೋಗ ಯಾವ ಪ್ರಾಯೋಗಿಕ ಸಂಗೀತದಲ್ಲಿದೆ? 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಇವುಗಳಿಗೆ ಒಂದಿಷ್ಟು ಜಾಗ ಸಿಕ್ಕಿತು. ಸುಗತೇಕರ ಅವರಿಗೆ ಬಂದ ಪದ್ಮಶ್ರೀಯಲ್ಲಿ ನಾವು ಕಾಣುವುದು ತಟ್ಟೆಗೆ ಹಿಡಿಸದೇ ಹೋದ ಆ ಇಡೀ ಪರಂಪರೆಯ ಮರ್ಯಾದೆ. ಗೊಂದಲಿಗರ ಕಥೆಪದವನ್ನು ತುಣುಕಿನಲ್ಲಿ ಕೇಳಬೇಡಿ, ಒಂದು ಕಥೆ ಪೂರ್ತಿ ಕೇಳಿ.

ಕ್ಯಾಸೆಟ್ ಬಂದದ್ದೇ ಲೆಕ್ಕ ತಿರುಗಿತು. ಮಗ್ಗುಲಿಗೆ ಅರ್ಧ ತಾಸು ಸಿಕ್ಕಿತು, ಬೆಲೆ ಕೂಲಿಯವರ ಕೈಗೆ ಎಟುಕಿತು, ಮನೆಯ ಟೇಪಿನಲ್ಲೇ ಪ್ರತಿ ಮಾಡಿಕೊಳ್ಳಬಹುದಾಯಿತು. ರಬಕವಿ-ಬನಹಟ್ಟಿಯ ಪವರ್‌ಲೂಮುಗಳ ಸದ್ದನ್ನು ಮೀರಿ ಕೇಳಬೇಕೆಂದರೆ ದನಿ ಏರಿಸಿಯೇ ಹಚ್ಚಬೇಕು. ಹಾಗೆ ದನಿ ಏರಿಸಿ ಹಚ್ಚಿದ ಹಾಡುಗಳಲ್ಲಿ ಮಹಾಲಿಂಗಪುರದ ನಂಟಿನ ಗುರುರಾಜ ಹೊಸಕೋಟೆಯವರದು ದೊಡ್ಡ ಪಾಲು. ತವರು, ತಾಯಿ, ಬಡತನ, ಪ್ಯಾಟಿ ಹುಡುಗಿಯ ಒನಪು, ಎಲ್ಲವನ್ನೂ ಇಲ್ಲಿಯ ಆಡುಮಾತಿನಲ್ಲೇ ಹಾಡಿದ ಅವರ ಕ್ಯಾಸೆಟ್ಟುಗಳಿಂದ ಬೆಂಗಳೂರಿನವರೂ ಉತ್ತರ ಕರ್ನಾಟಕದ ನುಡಿಗಟ್ಟನ್ನು ನಗೆಗಲ್ಲದೆ ನೋವಿಗೂ ಕೇಳಿಸಿಕೊಂಡರು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ‘ಕಾಡು ಕುದುರೆ’ ಚಿತ್ರದಲ್ಲಿ ಮಾಡಿದ್ದೂ ಇದೇ ಜಾತಿಯ ಕೆಲಸ. ಅದರ ಶೀರ್ಷಿಕೆ ಗೀತೆಗೆ ಶಿವಮೊಗ್ಗ ಸುಬ್ಬಣ್ಣನವರಿಗೆ 1978ರ ರಾಷ್ಟ್ರಪ್ರಶಸ್ತಿ ಬಂತು. ನಮ್ಮ ಸೂಚನೆ ಇಷ್ಟೇ: ಹೊಸಕೋಟೆಯವರ ಒಂದು ಕ್ಯಾಸೆಟ್ಟು ಮುಗಿಸಿ ‘ಕಾಡು ಕುದುರೆ’ಯ ಹಾಡು ಕೇಳಿ. ಒಂದೇ ಬೇರಿನಿಂದ ಎದ್ದ ಎರಡು ಟಿಸಿಲು ಎಂದು ತಾನಾಗಿ ತಿಳಿಯುತ್ತದೆ.

ಈ ಬೇರು ಆಮೇಲೆ ಬೆಂಗಳೂರಿನ ಗಿಟಾರಿಗೂ ಹಬ್ಬಿತು. 2008ರ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಪದಗಳಿವೆ. ಸ್ವರಾತ್ಮ ತಂಡದ 2009ರ ಆಲ್ಬಮ್, ಬಿಂದುಮಾಲಿನಿ ಮತ್ತು ವೇದಾಂತ ಭಾರದ್ವಾಜ್ ಕೂಡಿ 2012ರಲ್ಲಿ ತಂದ ‘ಸುನೋ ಭಾಯಿ’ಯನ್ನೂ ಇದರ ಜತೆಗಿಡಬಹುದು. ಮೂರೂ ಒಳ್ಳೆಯವೇ. ಆದರೆ ನಗರದವರು ಹಳ್ಳಿಯ ಪದ ಹಾಡಿದರೆ ಅದು ಫ್ಯೂಷನ್, ಹಳ್ಳಿಯವರು ನಗರದ ಯಂತ್ರ ಹಿಡಿದರೆ ಅದು ಗದ್ದಲ ಎಂಬ ಭೇದವನ್ನು ಈ ಎಣಿಕೆಯಲ್ಲಿ ನಾವು ಒಪ್ಪುವುದಿಲ್ಲ.

ಯಂತ್ರದ ಮಾತಿಗೆ ಬಂದರೆ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲೇ ಮೂಗ್ ಸಿಂಥಸೈಜರ್ ಬಂದಿತ್ತು. 1972ರವರೆಗೆ ಅಲ್ಲಿ ಮಾಡಿದ ಧ್ವನಿಮುದ್ರಣಗಳು ಕಪಾಟಿನಲ್ಲೇ ಉಳಿದು, ಕಡೆಗೆ 2023ರಲ್ಲಿ ಆಲ್ಬಮ್ ಆಗಿ ಹೊರಬಂದವು. ಮುಂಬೈ ಸಿನಿಮಾ ವಾದ್ಯಗಾರ ಚರಣಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೊ ಬಡಿತಕ್ಕೆ ಕೂಡಿಸಿದರು. ಆಗ ಕೇಳಿದವರು ಕಡಿಮೆ. 2010ರಲ್ಲಿ ಅದು ಮರಳಿ ಬಿಡುಗಡೆಯಾದಾಗ ಯುರೋಪಿನ ನೃತ್ಯಸಂಗೀತದವರು ಬೆರಗಾದರು. ಎಲೆಕ್ಟ್ರಾನಿಕ್ ಸಂಗೀತ ಕೇಳಬೇಕೆನ್ನುವವರಿಗೆ ಈ ಎರಡನ್ನೂ ಕಣ್ಣು ಮುಚ್ಚಿ ಸೂಚಿಸುತ್ತೇವೆ. ಯಾರೂ ಲೆಕ್ಕಕ್ಕೆ ಹಿಡಿಯದ ಮುದ್ರಣಗಳು ದಶಕಗಳ ಮೇಲೆ ಚರಿತ್ರೆಯಾದದ್ದನ್ನು ನಮ್ಮೂರಿನ ಡಿಜೆ ಹಾಡುಗಳ ಬಗ್ಗೆ ಮೂಗು ಮುರಿಯುವವರು ನೆನಪಿಡಬೇಕು.

ಡಿಜೆ ಜಾನಪದ ಹುಟ್ಟುವುದು ಸಣ್ಣ ಕೋಣೆಯಲ್ಲಿ. ಒಂದು ಕೀಬೋರ್ಡು, ಒಂದು ರಿದಮ್ ಪ್ಯಾಡು, ಒಂದು ಮೈಕು, ಒಂದು ಕಂಪ್ಯೂಟರು. ಡೊಳ್ಳು, ಹಲಗೆಯ ಪೆಟ್ಟುಗಳು ಪ್ಯಾಡಿಗೆ ಇಳಿಯುತ್ತವೆ, ಶಹನಾಯಿಯ ಎಳೆತ ಕೀಬೋರ್ಡಿಗೆ. ವಸ್ತು ಎಲ್ಲ ಸುತ್ತಲಿನದೇ: ಟ್ರ್ಯಾಕ್ಟರ್ ಡ್ರೈವರ್, ಕಬ್ಬಿನ ಗ್ಯಾಂಗು, ಜಾತ್ರೆಯಲ್ಲಿ ಸಿಕ್ಕ ಹುಡುಗಿ, ಕೈಕೊಟ್ಟ ಪ್ರೀತಿ, ಮಾವನ ಮಗಳು. ಹಾಡು ತಯಾರಾದ ದಿನವೇ ಯೂಟ್ಯೂಬಿಗೆ ಹೋಗುತ್ತದೆ. ಮೆಮರಿ ಕಾರ್ಡು ತುಂಬಿಸಿಕೊಡುವ ಅಂಗಡಿಗಳ ಕಾಲ ಮುಗಿಯಿತು.

ಈ ಹಾಡುಗಳ ಕುಂದುಗಳನ್ನು ಮುಚ್ಚಿಡಬೇಕಿಲ್ಲ. ಹೆಣ್ಣನ್ನು ಹಂಗಿಸುವ, ಬೆದರಿಸುವ ಪದಗಳು ಎಗ್ಗಿಲ್ಲದೆ ಬರುತ್ತಿವೆ. ಅಮೀರಬಾಯಿಯ ಸೀಮೆಯಲ್ಲಿ ಹೆಣ್ಣುದನಿ ಬಹುಮಟ್ಟಿಗೆ ಗಂಡಿನ ಸವಾಲಿಗೆ ಮರುಮಾತಾಗಿ ಮಾತ್ರ ಕೇಳಿಸುತ್ತಿದೆ. ಗೀಗೀ ವಾದದಲ್ಲಿ ಗಂಡಿನ ಪಕ್ಷವಾದ ಹರದೇಶಿಯ ಎದುರು ಹೆಣ್ಣಿನ ಪಕ್ಷವಾದ ನಾಗೇಶಿ ಹಿಡಿದವರಿಗೆ ಸಮಪಾಲಿತ್ತು. ಆ ಸಮಪಾಲು ಇಲ್ಲಿಲ್ಲ. ಬಡಿತ ಹಾಡಿನಿಂದ ಹಾಡಿಗೆ ಬದಲಾಗುವುದಿಲ್ಲ. ಗದ್ದಲದ ದೂರಂತೂ ನ್ಯಾಯವಾದದ್ದೇ: 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ, ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್. ಮೆರವಣಿಗೆಯ ಬೇಸ್ ಬಾಕ್ಸುಗಳು ಈ ಮಿತಿಯನ್ನು ಕೇಳಿದ್ದೇ ಇಲ್ಲ. ಆದರೆ ಪೊಲೀಸರು ಪೆಟ್ಟಿಗೆ ಎತ್ತಿಕೊಂಡು ಹೋಗಬೇಕಾದದ್ದು ಸದ್ದಿಗಾಗಿ. ಹಾಡಿನ ಗುಣದ ತೀರ್ಪು ಕೇಳುಗರದು, ಅದನ್ನು ಕೊಡಬೇಕಾದರೆ ಹಾಡನ್ನು ಕೊನೆಯವರೆಗೂ ಕೇಳಿರಬೇಕು.

ಕೊನೆಯವರೆಗೂ ಕೇಳಿದವರಿಗೆ ಒಂದು ಸಂಗತಿ ಸಿಗುತ್ತದೆ. ಎಷ್ಟೋ ಡಿಜೆ ಹಾಡುಗಳ ಕೊನೆಯ ನುಡಿಯಲ್ಲಿ ಪದ ಬರೆದವನ ಹೆಸರು, ಅವನ ಊರು, ಹಾಡಿದವನ ಹೆಸರು ಬರುತ್ತವೆ. ಗೀಗೀ ಪದದ, ಡೊಳ್ಳಿನ ಪದದ ಕೊನೆಗೆ ಕವಿಯೂ ಊರೂ ಬರುವ ಪದ್ಧತಿಯನ್ನೇ ಈ ಹುಡುಗರು ಯಾರೂ ಕಲಿಸದೆ ಮುಂದುವರಿಸಿದ್ದಾರೆ. ವಚನಗಳ ಅಂಕಿತದ ಕೂಡಲಸಂಗಮ ಇರುವುದು ಇದೇ ಜಿಲ್ಲೆಯಲ್ಲಿ. ಮುಧೋಳದ ರನ್ನ ಹತ್ತನೆಯ ಶತಮಾನದ ‘ಅಜಿತಪುರಾಣ’ದಲ್ಲಿ ತನ್ನ ಊರು ಮುದುವೊಳಲು, ತಾನು ಬಳೆಗಾರರ ಮನೆಯವನು ಎಂದೆಲ್ಲ ಹೇಳಿಕೊಂಡದ್ದರಿಂದಲೇ ನಮಗೆ ಅವನ ಬಾಳು ಗೊತ್ತಿದೆ. ಅಂದರೆ ಈ ಸೀಮೆಯ ಹಾಡು ತನ್ನ ದಾಖಲೆಯನ್ನು ತಾನೇ ಹೊತ್ತು ಬರುತ್ತದೆ. ಕಳೆದುಕೊಳ್ಳುತ್ತಿರುವುದು ಕೇಳುವ ನಾವು. ಅರ್ಧ ನಿಮಿಷದ ರೀಲ್ಸಿನಲ್ಲಿ, ಅರ್ಧಕ್ಕೆ ತುಂಡರಿಸಿದ ರೀಮಿಕ್ಸಿನಲ್ಲಿ ಕೊನೆಯ ನುಡಿ ಇರುವುದೇ ಇಲ್ಲ. ಹಾಡು ಊರೂರು ಸುತ್ತುತ್ತದೆ, ಬರೆದವನ ಹೆಸರು ಹಿಂದೆಯೇ ಉಳಿಯುತ್ತದೆ.

ಆದ್ದರಿಂದ ಈ ಲೆಕ್ಕದ ಕೊನೆಗೆ ಮೂರು ಬೇಡಿಕೆಗಳು. ಒಂದು, ಬೀಳಗಿಯಲ್ಲಿ ಅಮೀರಬಾಯಿ-ಗೋಹರಬಾಯಿ ಹೆಸರಿನಲ್ಲಿ ಒಂದು ಕೇಳುವ ಕೋಣೆ ಆಗಲಿ. ಒಂದು ಪುತ್ಥಳಿಗೆ ತಗಲುವ ದುಡ್ಡಿನಲ್ಲಿ ಕಾಲುಭಾಗ ಸಾಕು. ಎರಡು, ಬಾಗಲಕೋಟೆಯಲ್ಲೇ ಕಚೇರಿ ಇರುವ ಬಯಲಾಟ ಅಕಾಡೆಮಿ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಗಳು ರಬಕವಿ, ಮಹಾಲಿಂಗಪುರ, ಲೋಕಾಪುರದ ಮನೆಗಳ ಅಟ್ಟದಲ್ಲಿರುವ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲಿ. ಟೇಪಿನ ಕಾಂತಲೇಪ ವರ್ಷದಿಂದ ವರ್ಷಕ್ಕೆ ಉದುರುತ್ತಿದೆ, ಇದು ಕಾಯುವ ಕೆಲಸವಲ್ಲ. ಮೂರನೆಯದು ಹಾಡು ಮಾಡುವ ಹುಡುಗರಿಗೇ: ಹಾಡಿನ ಕೆಳಗೆ ಬರೆದವರು, ಹಾಡಿದವರು, ಪ್ಯಾಡು ನುಡಿಸಿದವರು, ಮುದ್ರಿಸಿದ ಊರು, ವರ್ಷ ಇಷ್ಟನ್ನು ತಪ್ಪದೆ ಬರೆಯಿರಿ. ರೀಮಿಕ್ಸ್ ಮಾಡುವವರು ಎಲ್ಲಿ ಬೇಕಾದರೂ ಕತ್ತರಿ ಆಡಿಸಲಿ, ಆ ಕೊನೆಯ ನುಡಿಯೊಂದನ್ನು ಹಾಗೇ ಬಿಡಲಿ.